ಯಂತ್ರದ ಆಸರೆಯಲ್ಲಿ ಜೆ.ಪಿ. ಅವರ ಕೊನೆಯ ಹೋರಾಟ

ಬಾಳ್ಳುಪೇಟೆ: ಹಾಸನ-ಸಕಲೇಶಪುರ ಹೆದ್ದಾರಿಯಲ್ಲಿರುವ ಈ ಕಾಫಿ ಸೀಮೆಯ ಊರಿನಲ್ಲೂ ಇಂದು ಡಯಾಲಿಸಿಸ್ ಅಪರಿಚಿತ ಪದವಲ್ಲ. ಅರ್ಧ ಶತಮಾನದ ಹಿಂದೆ ದೇಶದ ಅನೇಕರು ಆ ಪದವನ್ನು ಮೊದಲು ಕೇಳಿದ್ದು ಲೋಕನಾಯಕ ಜಯಪ್ರಕಾಶ ನಾರಾಯಣರ ಕಾಯಿಲೆಯ ಸುದ್ದಿಯಲ್ಲಿ.

1902ರ ಅಕ್ಟೋಬರ್ 11ರಂದು ಸಿತಾಬ್ ದಿಯಾರಾದಲ್ಲಿ ಜನಿಸಿದ ಜೆ.ಪಿ., ಅಮೆರಿಕದಲ್ಲಿ ವ್ಯಾಸಂಗ ಮುಗಿಸಿ 1929ರಲ್ಲಿ ಸ್ವದೇಶಕ್ಕೆ ಮರಳಿ ಸ್ವಾತಂತ್ರ್ಯ ಹೋರಾಟಕ್ಕೆ ಧುಮುಕಿದರು. 1942ರಲ್ಲಿ ಹಜಾರಿಬಾಗ್ ಸೆರೆಮನೆಯ ಗೋಡೆ ದಾಟಿ ಪರಾರಿಯಾದರು. ಸ್ವಾತಂತ್ರ್ಯಾನಂತರ ಅಧಿಕಾರದಿಂದ ದೂರ ಸರಿದು ವಿನೋಬಾ ಭಾವೆಯವರ ಭೂದಾನ ಚಳವಳಿ ಸೇರಿದರು. 1974ರಲ್ಲಿ ಬಿಹಾರದ ವಿದ್ಯಾರ್ಥಿ ಚಳವಳಿಯ ನೇತೃತ್ವ ವಹಿಸಿದರು.

ತುರ್ತು ಪರಿಸ್ಥಿತಿ ಘೋಷಣೆಯಾದಾಗ ಬಂಧಿತರಾದ ಅವರನ್ನು ಚಂಡೀಗಢದಲ್ಲಿ ಇರಿಸಲಾಯಿತು. ಆರೋಗ್ಯ ತೀವ್ರವಾಗಿ ಹದಗೆಟ್ಟಾಗ, 1975ರ ನವೆಂಬರ್ 12ರಂದು ಪೆರೋಲ್ ಮೇಲೆ ಬಿಡುಗಡೆ ದೊರೆಯಿತು. ಮುಂಬಯಿಯ ಜಸ್‌ಲೋಕ್ ಆಸ್ಪತ್ರೆ ಸೇರುವಷ್ಟರಲ್ಲಿ ಮೂತ್ರಪಿಂಡಗಳು ಕೆಲಸ ನಿಲ್ಲಿಸಿದ್ದವು.

ಆರೋಗ್ಯವಂತರ ಮೂತ್ರಪಿಂಡಗಳು ಹಗಲಿರುಳೂ ರಕ್ತವನ್ನು ಸೋಸುತ್ತವೆ. ಅವು ಸೋತರೆ ಯೂರಿಯಾ, ಕ್ರಿಯಾಟಿನಿನ್, ಪೊಟ್ಯಾಸಿಯಂ ರಕ್ತದಲ್ಲಿಯೇ ಉಳಿಯುತ್ತವೆ. ಡಯಾಲಿಸಿಸ್ ಯಂತ್ರದಲ್ಲಿ ತೆಳುಪೊರೆಯ ಒಂದು ಬದಿಗೆ ರಕ್ತ, ಇನ್ನೊಂದು ಬದಿಗೆ ಶುದ್ಧ ದ್ರಾವಣ ಹರಿಯುತ್ತದೆ. ವಿಷಾಂಶಗಳು ಪೊರೆಯ ರಂಧ್ರಗಳ ಮೂಲಕ ದ್ರಾವಣಕ್ಕೆ ಸರಿಯುತ್ತವೆ. ಆದರೆ ಯಂತ್ರದಿಂದ ಎದ್ದ ಕ್ಷಣದಿಂದಲೇ ವಿಷ ಮತ್ತೆ ಶೇಖರವಾಗತೊಡಗುತ್ತದೆ. ಆದ್ದರಿಂದ ಜೆ.ಪಿ. ಉಳಿದ ಆಯುಷ್ಯವನ್ನೆಲ್ಲ ಈ ಸರದಿಗೆ ಒಪ್ಪಿಸಬೇಕಾಯಿತು.

ಯಂತ್ರದ ಖರೀದಿಗೆಂದು ಪ್ರಧಾನಿಯವರ ಪರಿಹಾರ ನಿಧಿಯಿಂದ ಬಂದ 90,000 ರೂಪಾಯಿಗಳನ್ನು 1976ರಲ್ಲಿ ಅವರು ನಿರಾಕರಿಸಿದರು. ಸಾಮಾನ್ಯ ಜನರು ಕೂಡಿಸಿದ ಹಣವೇ ಅವರಿಗೆ ಒಪ್ಪಿಗೆಯಾಯಿತು. ದೇಹ ಕೃಶವಾಗಿದ್ದರೂ 1977ರ ಚುನಾವಣೆಯಲ್ಲಿ ಪ್ರಚಾರ ಮಾಡಿದರು. ಮಾರ್ಚ್ 24ರಂದು ರಾಜಘಾಟ್‌ನಲ್ಲಿ ಜನತಾ ಪಕ್ಷದ ಸಂಸದರಿಗೆ ಪ್ರತಿಜ್ಞೆ ಬೋಧಿಸಿದರು.

1979ರ ಮಾರ್ಚ್‌ನಲ್ಲಿ ಅವರು ನಿಧನರಾದರೆಂಬ ತಪ್ಪು ಸುದ್ದಿ ಲೋಕಸಭೆಯಲ್ಲಿಯೇ ಪ್ರಕಟವಾಗಿ, ಸಂತಾಪವೂ ಸೂಚಿಸಲ್ಪಟ್ಟಿತು. ಆಗ ಜೆ.ಪಿ. ಜಸ್‌ಲೋಕ್‌ನಲ್ಲಿ ಜೀವಂತವಾಗಿದ್ದರು. ಅಕ್ಟೋಬರ್ 8ರಂದು, 77ನೆಯ ಹುಟ್ಟುಹಬ್ಬಕ್ಕೆ ಮೂರು ದಿನ ಮುಂಚೆ, ಪಟ್ನಾದಲ್ಲಿ ಕೊನೆಯುಸಿರೆಳೆದರು.

ಅಂದು ಮಹಾನಗರಕ್ಕೆ ಸೀಮಿತವಾಗಿದ್ದ ಈ ಚಿಕಿತ್ಸೆ ಇಂದು ರಾಜ್ಯದ ತಾಲ್ಲೂಕು ಆಸ್ಪತ್ರೆಗಳಿಗೂ ಬಂದಿದೆ. ನಿಯಮ ಮಾತ್ರ ಬದಲಾಗಿಲ್ಲ. ಸಾಮಾನ್ಯವಾಗಿ ವಾರಕ್ಕೆ ಮೂರು ಸರದಿ, ಪ್ರತಿಸಲ ಸುಮಾರು ನಾಲ್ಕು ಗಂಟೆ. ಒಂದು ತಪ್ಪಿದರೂ, ಅರ್ಧಕ್ಕೆ ಎದ್ದರೂ ರಕ್ತದಲ್ಲಿ ವಿಷ ಏರುತ್ತದೆ. ಉಪ್ಪು ಮಿತವಾಗಿರಬೇಕು. ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳವಾಗಿರುವುದರಿಂದ ವೈದ್ಯರನ್ನು ಕೇಳದೆ ಕುಡಿಯಬಾರದು. ಕಾಫಿ ಸೀಮೆಯವರಿಗೆ ಕಷ್ಟವೆನಿಸಿದರೂ, ಕುಡಿದ ಪ್ರತಿ ಲೋಟ ಕಾಫಿಯೂ ದಿನದ ನೀರಿನ ಲೆಕ್ಕಕ್ಕೆ ಸೇರಬೇಕು.