ದಿವಾನ್ ರಂಗಾಚಾರ್ಲು

ಮೈಸೂರು ನಗರದ ಮಧ್ಯಭಾಗದಲ್ಲಿ ಪುರಭವನವೆಂದು ಜನರು ಕರೆಯುವ ಭವ್ಯವಾದ ಕಟ್ಟಡವೊಂದಿದೆ. ಅದರ ಪೂರ್ಣ ನಾಮಧೇಯ ರಂಗಾಚಾರ್ಲು ಸ್ಮಾರಕ ಭವನ. ಸಂಸ್ಥಾನದ ಬೊಕ್ಕಸದ ಲೆಕ್ಕವನ್ನು ಪ್ರಜೆಗಳ ಪ್ರತಿನಿಧಿಗಳ ಮುಂದಿಟ್ಟ ಮಹನೀಯರೊಬ್ಬರ ನೆನಪಿಗಾಗಿ 1884ರಲ್ಲಿ ಅದು ನಿರ್ಮಿತವಾಯಿತು.

ಸಿ. ವಿ. ರಂಗಾಚಾರ್ಲು 1831ರಲ್ಲಿ ಮದರಾಸು ಪ್ರಾಂತದ ಚೆಂಗಲ್ಪಟ್ಟು ಜಿಲ್ಲೆಯಲ್ಲಿ ಜನಿಸಿದರು. ಮದರಾಸಿನಲ್ಲಿ ವ್ಯಾಸಂಗ ಮಾಡಿ, ಗುಮಾಸ್ತರಾಗಿ ಸರ್ಕಾರಿ ಸೇವೆಗೆ ಸೇರಿ, ಸ್ವಸಾಮರ್ಥ್ಯದಿಂದ ಮೇಲೇರಿದರು. 1868ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಾಲವಾದಾಗ ಅರಮನೆಯ ವ್ಯವಹಾರಗಳು ಗೊಂದಲದಲ್ಲಿದ್ದುವು. ಅವನ್ನು ಸರಿಪಡಿಸುವ ಕಾರ್ಯಕ್ಕಾಗಿ ರಂಗಾಚಾರ್ಲು ಮೈಸೂರಿಗೆ ಬಂದರು.

ಆಗ ಸಂಸ್ಥಾನವು ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. ದೊಡ್ಡ ಸಂಬಳದ ಐರೋಪ್ಯ ಅಧಿಕಾರಿಗಳಿಂದ ಆಡಳಿತದ ವೆಚ್ಚ ಏರುತ್ತಿತ್ತು. ರಂಗಾಚಾರ್ಲು ಈ ಆಡಳಿತವನ್ನು ವಿಮರ್ಶಿಸಿ ಒಂದು ಕಿರುಹೊತ್ತಗೆಯನ್ನು ಬರೆದರು. ಅದು ಲೇಖಕರ ಹೆಸರಿಲ್ಲದೆ 1874ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಸೇವೆಯಲ್ಲಿದ್ದವರೊಬ್ಬರು ಅಂದು ಹಾಗೆ ಬರೆಯುವುದು ಸಾಹಸದ ಕೆಲಸವೇ ಆಗಿತ್ತು.

ಬಳಿಕ 1876-78ರ ಘೋರ ಕ್ಷಾಮ ಬಂದಿತು. 1871ರಲ್ಲಿ ಐವತ್ತು ಲಕ್ಷ ಮೀರಿದ್ದ ಜನಸಂಖ್ಯೆ 1881ರ ವೇಳೆಗೆ ಸುಮಾರು ನಲವತ್ತೆರಡು ಲಕ್ಷಕ್ಕೆ ಇಳಿಯಿತು. ಬೊಕ್ಕಸ ಬರಿದಾಗಿ, ಎಂಬತ್ತು ಲಕ್ಷ ರೂಪಾಯಿಗಳ ಸಾಲ ತಲೆಯ ಮೇಲಿತ್ತು. ಇಂತಹ ಸ್ಥಿತಿಯಲ್ಲಿ, 1881ರ ಮಾರ್ಚ್ 25ರಂದು ರಾಜ್ಯಾಧಿಕಾರವು ಚಾಮರಾಜೇಂದ್ರ ಒಡೆಯರಿಗೆ ಮರಳಿತು. ರಂಗಾಚಾರ್ಲು ದಿವಾನರಾದರು.

ಅವರು ವೆಚ್ಚಕ್ಕೆ ಕಡಿವಾಣ ಹಾಕಿದರು. ಹಲವು ಹುದ್ದೆಗಳನ್ನು ರದ್ದುಗೊಳಿಸಿದರು. ಎಂಟು ಜಿಲ್ಲೆಗಳನ್ನು ಆರಕ್ಕೆ ಇಳಿಸಿದರು. ಆಗ ರದ್ದಾದ ಹಾಸನ, ಚಿತ್ರದುರ್ಗ ಜಿಲ್ಲೆಗಳು 1886ರಲ್ಲಿ ಮತ್ತೆ ಸ್ಥಾಪಿತವಾದುವು. ಎಲ್ಲ ಕಡಿತವೂ ಸ್ಥಿರವಾಗಿ ನಿಲ್ಲಲಾರದೆಂಬುದಕ್ಕೆ ಇದು ನಿದರ್ಶನ. ಆದರೆ ಅವರ ಮಿತವ್ಯಯ ಜಿಪುಣತನವಾಗಿರಲಿಲ್ಲ. ಬೆಂಗಳೂರು-ಮೈಸೂರು ರೈಲುಮಾರ್ಗ ಅವರ ಕಾಲದಲ್ಲಿಯೇ, 1882ರಲ್ಲಿ, ಪೂರ್ಣಗೊಂಡಿತು. ನಾಡಿನ ಸಂಪತ್ತನ್ನು ಬೆಳೆಸುವ ವೆಚ್ಚಕ್ಕೂ ವ್ಯರ್ಥವಾದ ವೆಚ್ಚಕ್ಕೂ ಇರುವ ಅಂತರವನ್ನು ಅವರು ಬಲ್ಲವರಾಗಿದ್ದರು.

ಅವರ ಕೀರ್ತಿಗೆ ಕಲಶಪ್ರಾಯವಾದುದು ಪ್ರಜಾಪ್ರತಿನಿಧಿ ಸಭೆ. 1881ರ ಅಕ್ಟೋಬರ್ 7ರಂದು, ದಸರೆಯ ಸಂದರ್ಭದಲ್ಲಿ, 144 ಮಂದಿ ಪ್ರತಿನಿಧಿಗಳು ಮೈಸೂರಿನಲ್ಲಿ ಸೇರಿದರು. ತಾಲ್ಲೂಕುಗಳಿಂದ ಬಂದ ರೈತರೂ ವರ್ತಕರೂ ಅವರಲ್ಲಿದ್ದರು. ಸಂಸ್ಥಾನದ ವರಮಾನವೆಷ್ಟು, ಖರ್ಚೆಷ್ಟು, ಸಾಲವೆಷ್ಟು ಎಂಬುದನ್ನು ದಿವಾನರು ಅವರಿಗೆ ವಿವರಿಸಿದರು. ಅವರ ಅಹವಾಲುಗಳನ್ನು ಆಲಿಸಿದರು. ಅದುವರೆಗೆ ಕಂದಾಯ ಕಟ್ಟುವುದಷ್ಟೇ ಪ್ರಜೆಯ ಪಾಲಿಗಿತ್ತು. ಕಟ್ಟಿದ ಹಣ ಏನಾಯಿತೆಂದು ತಿಳಿಯುವ ಅವಕಾಶ ಅಂದು ತೆರೆಯಿತು.

ಆ ಸಭೆಗೆ ವೆಚ್ಚವನ್ನು ತಡೆಯುವ ಅಧಿಕಾರವಿರಲಿಲ್ಲ. ಸದಸ್ಯರು ಜನರಿಂದ ನೇರವಾಗಿ ಚುನಾಯಿತರೂ ಆಗಿರಲಿಲ್ಲ. ಆದರೂ ನೆಟ್ಟ ಸಸಿ ಬೇರುಬಿಟ್ಟಿತು. 1891ರಿಂದ ಸದಸ್ಯರ ಚುನಾವಣೆ ನಡೆಯಿತು. 1923ರಲ್ಲಿ ಸಭೆಗೆ ಶಾಸನದ ಬಲ ದೊರೆಯಿತು.

ತಮ್ಮ ಕೃತಿಯ ಫಲವನ್ನು ಕಾಣುವ ಭಾಗ್ಯ ರಂಗಾಚಾರ್ಲು ಅವರಿಗಿರಲಿಲ್ಲ. ದಿವಾನಗಿರಿ ವಹಿಸಿ ಎರಡು ವರ್ಷ ತುಂಬುವ ಮೊದಲೇ, 1883ರ ಜನವರಿ 20ರಂದು, ಅವರು ಮದರಾಸಿನಲ್ಲಿ ನಿಧನ ಹೊಂದಿದರು. ಬೊಕ್ಕಸದ ಹಣ ಪ್ರಜೆಗಳ ಬೆವರಿನ ಫಲ. ಅದರ ಲೆಕ್ಕ ಕೇಳುವುದು ಅವರ ಹಕ್ಕು, ಒಪ್ಪಿಸುವುದು ಆಳುವವರ ಕರ್ತವ್ಯ. ಪುರಭವನದ ಮುಂದೆ ಹಾದುಹೋಗುವವರು ನೆನೆಯಬೇಕಾದ ಪಾಠವಿದು.