ದಿವಾನ್ ಪೂರ್ಣಯ್ಯನವರು

ತುಂಗಭದ್ರೆಯೂ ಹರಿದ್ರೆಯೂ ಕೂಡುವ ಹರಿಹರವು ಹರಿಹರೇಶ್ವರನ ಸನ್ನಿಧಿಯಿಂದ ಪ್ರಸಿದ್ಧವಾದ ಕ್ಷೇತ್ರ. ಒಂದು ಕಾಲದಲ್ಲಿ ಅದು ಮೈಸೂರು ಸೀಮೆಯ ಉತ್ತರದ ಗಡಿಯೂ ಆಗಿದ್ದು, ಹೊಳೆಯಾಚೆ ಮರಾಠರ ನಾಡು ಮೊದಲಾಗುತ್ತಿದ್ದಿತು. ಆ ಗಡಿಯಲ್ಲಿ ನೆರೆದ ದಂಡಿಗೆ ಧಾನ್ಯವನ್ನೂ ಎತ್ತುಗಳನ್ನೂ ಒದಗಿಸಿದ ಮಹನೀಯರು ದಿವಾನ್ ಪೂರ್ಣಯ್ಯನವರು.

1746ರಲ್ಲಿ ಕೊಯಮತ್ತೂರು ಸೀಮೆಯ ಬಡ ಮಾಧ್ವ ಕುಟುಂಬದಲ್ಲಿ ಜನಿಸಿದ ಇವರು ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡು, ಹೊಟ್ಟೆಪಾಡಿಗಾಗಿ ವರ್ತಕನೊಬ್ಬನ ಅಂಗಡಿಯಲ್ಲಿ ಲೆಕ್ಕ ಬರೆಯಲು ನಿಂತರು. ಹೈದರಾಲಿಯ ಅರಮನೆಗೆ ದಿನಸಿಯನ್ನೊದಗಿಸುತ್ತಿದ್ದ ಅನ್ನದಾನ ಶೆಟ್ಟಿಯ ಮೂಲಕ ಆಸ್ಥಾನದ ಪರಿಚಯವಾಯಿತು. ಅಚ್ಚುಕಟ್ಟಾದ ಬರಹ, ಹಲವು ಭಾಷೆಗಳ ತಿಳಿವು, ಅಸಾಧಾರಣವಾದ ನೆನಪು ಇವುಗಳಿಂದ 1770ರ ಹೊತ್ತಿಗೆ ಸರ್ಕಾರದ ಲೆಕ್ಕಪತ್ರಗಳಿಗೆ ಮುಖ್ಯಸ್ಥರಾದರು. 1782ರ ಡಿಸೆಂಬರಿನಲ್ಲಿ ಹೈದರನು ದಂಡಿನ ಬೀಡಿನಲ್ಲಿಯೇ ತೀರಿಕೊಂಡಾಗ, ಟಿಪ್ಪುವು ಬರುವವರೆಗೂ ಆ ಸುದ್ದಿಯನ್ನು ಗುಟ್ಟಾಗಿರಿಸಿ ಸೈನ್ಯವು ಚದುರದಂತೆ ಕಾಪಾಡಿದವರಲ್ಲಿ ಇವರೂ ಒಬ್ಬರು.

1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದು ಟಿಪ್ಪುವು ಮಡಿದನು. ಜೂನ್ 30ರಂದು ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಗಿ, ಪೂರ್ಣಯ್ಯನವರು ದಿವಾನರಾದರು. ಒಡೆಯನನ್ನು ಕೊಂದವರೊಡನೆ ಕೈಗೂಡಿಸಿದರೆಂದು ಅವರನ್ನು ನಿಂದಿಸಿದವರುಂಟು. ಆದರೆ ಅರಸನು ಶಿಶು. ನಾಡು ಯುದ್ಧದಿಂದ ಬಳಲಿದ್ದಿತು. ಚನ್ನಗಿರಿಯಲ್ಲಿ ಹುಟ್ಟಿದ ಧೋಂಡಿಯಾ ವಾಘನು ಬಿದನೂರು ಸೀಮೆಯನ್ನು ಸೂರೆಗೊಳ್ಳುತ್ತಿದ್ದನು. ಆ ನಿಂದೆಯ ತೂಕವನ್ನು ಅವರು ಮುಂದೆ ಮಾಡಿದ ಕಾರ್ಯದೊಡನೆ ಇಟ್ಟು ನೋಡುವುದು ನ್ಯಾಯ.

1800ರಲ್ಲಿ ಕರ್ನಲ್ ವೆಲ್ಲೆಸ್ಲಿಯು ತುಂಗಭದ್ರೆಯನ್ನು ದಾಟಿ ಧೋಂಡಿಯಾನನ್ನು ಬೆನ್ನಟ್ಟಿದನು. ಸೆಪ್ಟೆಂಬರ್ 10ರಂದು ಕೋಣಗಲ್ಲಿನಲ್ಲಿ ಧೋಂಡಿಯಾನು ಹತನಾದನು. 1803ರಲ್ಲಿ ಜನರಲ್ ಸ್ಟುವರ್ಟನ ಸೈನ್ಯವು ಹರಿಹರದಲ್ಲಿ ಬೀಡುಬಿಟ್ಟಿತು. ಮಾರ್ಚ್ 9ರಂದು ಅಲ್ಲಿಂದ ಹೊರಟ ವೆಲ್ಲೆಸ್ಲಿಯು ಏಪ್ರಿಲ್ 20ರಂದು ಪುಣೆಯನ್ನು ಸೇರಿದನು. ಹಸಿದ ದಂಡು ಶತ್ರುವಿಗಿಂತ ಮೊದಲು ದಾರಿಯ ಹಳ್ಳಿಯನ್ನೇ ನುಂಗುವುದು ಲೋಕಸಿದ್ಧ. ಮೈಸೂರಿನಿಂದ ಧಾನ್ಯವೂ ಎತ್ತುಗಳೂ ಹಿಂದಿನಿಂದ ಬರುತ್ತಿದ್ದುದರಿಂದಲೇ, ಬೆಲೆಕೊಟ್ಟು ಕೊಳ್ಳಬೇಕು, ಸುಲಿಯಬಾರದು ಎಂಬ ವೆಲ್ಲೆಸ್ಲಿಯ ಕಟ್ಟಳೆಗೆ ಬಲ ಬಂದಿತು.

ಹೈದರನು ಅಪ್ಪಾಜಿರಾಮನಿಗೆ ಜಹಗೀರಾಗಿ ಕೊಟ್ಟ ಮೇಲೆ ಬೆಳೆದ ದಾವಣಗೆರೆಯ ಪೇಟೆಯಲ್ಲಿ, ಶಿವಭಕ್ತ ವರ್ತಕರು ಮಲೆನಾಡಿನ ಅಡಕೆ ಮೆಣಸುಗಳನ್ನು ಹೇರೆತ್ತುಗಳ ಮೇಲೆ ವಾಲಾಜಾಪೇಟೆಯವರೆಗೆ ಸಾಗಿಸುತ್ತಿದ್ದರು. ಹೇರು, ಅಳತೆ, ದಾರಿ ಇವುಗಳ ಮರ್ಮವು ಆ ವರ್ತಕರಿಗೆ ತಿಳಿದಂತೆಯೇ ಅಂಗಡಿಯಲ್ಲಿ ಬೆಳೆದ ಈ ದಿವಾನರಿಗೂ ತಿಳಿದಿದ್ದಿತು.

ಅವರ ಆಡಳಿತವು ನಿರ್ದೋಷವಾಗಿದ್ದಿತೆಂದಲ್ಲ. ಪೂರ್ವದ ಅರಸರು ಸಾಕಿ ಬೆಳೆಸಿದ ಅಮೃತಮಹಲಿನ ದನಗಳು ಅವರ ಕಾಲದಲ್ಲಿ ಆರೈಕೆ ತಪ್ಪಿ ಕ್ಷೀಣಿಸಿದವು. 1813ರಲ್ಲಿ ಮದರಾಸಿನ ಸೈನ್ಯದ ಅಧಿಕಾರಿ ಹಾರ್ವಿಗೆ ಅವನ್ನು ಒಪ್ಪಿಸಬೇಕಾಯಿತು. ದಂಡಿಗೆ ಎತ್ತುಗಳನ್ನೊದಗಿಸಿದವರ ಕೈಯಲ್ಲಿಯೇ ಎತ್ತಿನ ತಳಿಯು ಸೊರಗಿದುದು ಶೋಚನೀಯ.

1807ರಲ್ಲಿ ಯಳಂದೂರು ಜಹಗೀರನ್ನು ಪಡೆದು, 1811ರಲ್ಲಿ ಅಧಿಕಾರವನ್ನು ಬಿಟ್ಟು, 1812ರ ಮಾರ್ಚಿಯಲ್ಲಿ ಪೂರ್ಣಯ್ಯನವರು ಶ್ರೀರಂಗಪಟ್ಟಣದಲ್ಲಿ ದೇಹವನ್ನು ಬಿಟ್ಟರು. ಅವರ ಸಂಪ್ರದಾಯವು ಬೇರೆ. ಆದರೂ ಪಂಕ್ತಿಗೆ ಅನ್ನ ಬಡಿಸುವ ಕೈಗಿಂತ ಮೊದಲು ಕಣಜದ ಲೆಕ್ಕವನ್ನಿಡುವ ಕೈ ಶುದ್ಧವಾಗಿರಬೇಕೆಂಬುದನ್ನು ದಾಸೋಹವನ್ನು ನಡೆಸುವ ಭಕ್ತರು ಬಲ್ಲರು. ಅಂಗಡಿಯ ಬಾಲಕನೊಬ್ಬನ ಕಾಯಕವು ಒಂದು ನಾಡಿನ ಹೊರೆಯನ್ನು ಹೊತ್ತ ಈ ಕಥೆಯು ಅವರಿಗೆ ಪರಕೀಯವೆನಿಸದು.