ಲೆಕ್ಕದ ಕುಮಾರಪ್ಪನವರು



ಜೆ. ಸಿ. ಕುಮಾರಪ್ಪ ಎಂಬ ಹೆಸರು ಕೇಳಿದರೆ ಕನ್ನಡದವರೇ ಇರಬೇಕು ಅನ್ನಿಸುತ್ತದೆ. ಅಲ್ಲ, ಅವರು ತಂಜಾವೂರಿನವರು. ಹುಟ್ಟಿದ್ದು 1892ರ ಜನವರಿ 4ರಂದು, ಕ್ರೈಸ್ತ ಮನೆತನದಲ್ಲಿ. ಹೊಸೂರು, ತಾಳವಾಡಿಯ ಸದಸ್ಯರು ನಮ್ಮ ರಾಜ್ಯದವರು ಎನ್ನಲಿ. ಅವರು ಹೆಚ್ಚು ದುಡಿದದ್ದು ವಾರ್ಧಾದಲ್ಲಾದ್ದರಿಂದ ಸೊಲ್ಲಾಪುರ, ಜತ್ ಕಡೆಯವರೂ ಹಾಗೇ ಹೇಳಿಕೊಳ್ಳಬಹುದು.

ಲಂಡನ್ನಿನಲ್ಲಿ ಲೆಕ್ಕಪರಿಶೋಧನೆ ಕಲಿತು, ಮುಂಬಯಿಯಲ್ಲಿ ಆಡಿಟರ್ ಆಗಿ ಚೆನ್ನಾಗಿಯೇ ಸಂಪಾದಿಸುತ್ತಿದ್ದರು. 1927ರಲ್ಲಿ ಅಮೆರಿಕೆಗೆ ಹೋಗಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸರ್ಕಾರಿ ಹಣಕಾಸು ಓದಿದರು. ನಮ್ಮ ದೇಶದ ಬಡತನಕ್ಕೆ ಬ್ರಿಟಿಷರ ತೆರಿಗೆ ಮತ್ತು ಖರ್ಚಿನ ರೀತಿಯೇ ಕಾರಣ ಎಂದು ಅಲ್ಲಿ ಅವರಿಗೆ ಲೆಕ್ಕದಲ್ಲೇ ಕಂಡಿತು. ಆ ಬರಹ ಹಿಡಿದುಕೊಂಡು 1929ರಲ್ಲಿ ಸಾಬರಮತಿಗೆ ಹೋದರು. ವಿಲಾಯಿತಿ ಉಡುಪಿನಲ್ಲೇ ಸಗಣಿ ಸಾರಿಸಿದ ನೆಲದ ಮೇಲೆ ಕೂತು ಗಾಂಧೀಜಿಯವರೊಡನೆ ಮಾತಾಡಿದರು. ಮುಂಬಯಿಯ ವೃತ್ತಿ ಅಲ್ಲಿಗೆ ಮುಗಿಯಿತು. ಗುಜರಾತಿನ ಮಾತರ್ ತಾಲ್ಲೂಕಿನಲ್ಲಿ ಹಳ್ಳಿಹಳ್ಳಿ ಸುತ್ತಿ ರೈತರ ಆದಾಯ, ಸಾಲ, ಕಂದಾಯ ಬರೆದುಕೊಂಡರು. ಹಲವು ಸಲ ಸೆರೆವಾಸವೂ ಆಯಿತು.

1934ರ ಬಿಹಾರ ಭೂಕಂಪದ ಪರಿಹಾರ ನಿಧಿಯ ಲೆಕ್ಕ ಇವರ ಕೈಗೆ ಬಂತು. ಕಾರ್ಯಕರ್ತರಿಗೆ ಊಟದ ಖರ್ಚು ದಿನಕ್ಕೆ ಮೂರಾಣೆ ಎಂದು ಗೊತ್ತುಮಾಡಿದರು. ಗಾಂಧೀಜಿ ತಮ್ಮ ಪರಿವಾರದೊಂದಿಗೆ ಬಂದಾಗ, ಅವರ ಖರ್ಚನ್ನು ಈ ನಿಧಿಯಿಂದ ಕೊಡಲಾಗದು ಎಂದು ಮಹದೇವ ದೇಸಾಯಿಯವರಿಗೆ ನೇರವಾಗಿ ತಿಳಿಸಿಬಿಟ್ಟರು! ಗುಮಾಸ್ತಿಕೆಯಲ್ಲಿ ತಲೆ ನರೆತ ನಮ್ಮಂಥವರಿಗೆ ಈ ಪ್ರಸಂಗ ಬಲು ಇಷ್ಟ.

ಅದೇ ವರ್ಷದ ಕೊನೆಗೆ ಅಖಿಲ ಭಾರತ ಗ್ರಾಮೋದ್ಯೋಗ ಸಂಘ ಹುಟ್ಟಿತು. ವಾರ್ಧಾದ ಮಗನ್‌ವಾಡಿ ಅದರ ನೆಲೆ, ಕುಮಾರಪ್ಪನವರು ಕಾರ್ಯದರ್ಶಿ. ಎತ್ತಿನ ಗಾಣ, ಕೈಕಾಗದ, ಜೇನುಸಾಕಣೆ, ತಾಳೆಬೆಲ್ಲ, ಪಾಲಿಷ್ ಮಾಡದ ಅಕ್ಕಿ ಎಲ್ಲವನ್ನೂ ಅಲ್ಲಿ ಪ್ರಯೋಗ ಮಾಡಿ ನೋಡಿ, ಹಳ್ಳಿಯ ಹುಡುಗರಿಗೆ ಕಲಿಸುತ್ತಿದ್ದರು. ಸೀಮೆಎಣ್ಣೆ ಬೇಡದ, ಬೀಜದ ಎಣ್ಣೆಯಿಂದ ಉರಿಯುವ 'ಮಗನ್ ದೀಪ' ಎಂಬ ಲಾಟೀನನ್ನೂ ಮಾಡಿದರು. ಸೀಮೆಎಣ್ಣೆಯ ದುಡ್ಡು ಊರು ಬಿಟ್ಟು ಹೋಗುತ್ತದೆ, ಬೀಜದ ಎಣ್ಣೆಯದು ಊರಿನಲ್ಲೇ ಉಳಿಯುತ್ತದೆ ಎಂಬ ಲೆಕ್ಕ ಇದರ ಹಿಂದಿತ್ತು.

ಕಲ್ಲಿದ್ದಲು, ಪೆಟ್ರೋಲು, ಲೋಹದ ಅದಿರು ತೆಗೆದಷ್ಟೂ ಕರಗುವ ದಾಸ್ತಾನು, ಅದಕ್ಕಾಗಿ ದೇಶದೇಶಗಳು ಕಚ್ಚಾಡುತ್ತವೆ. ಬೆಳೆ, ಕಾಡು ವರ್ಷವರ್ಷವೂ ಬರುವ ಹರಿವು, ಬಾಳ್ವೆ ಅದರ ಮೇಲೆ ನಿಲ್ಲಬೇಕು ಎಂಬುದು ಅವರ ವಾದ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಬಡ್ಡಿಯಲ್ಲಿ ಸಂಸಾರ ಮಾಡಿ, ಗಂಟಿಗೆ ಕೈ ಹಾಕಬೇಡಿ. ಕ್ವಿಟ್ ಇಂಡಿಯಾ ಕಾಲದಲ್ಲಿ ಜಬಲ್ಪುರ ಜೈಲಿನಲ್ಲಿದ್ದಾಗ 'ಎಕಾನಮಿ ಆಫ್ ಪರ್ಮನೆನ್ಸ್' ಎಂಬ ಪುಸ್ತಕ ಬರೆದರು. ಕೊಂದು ತಿನ್ನುವ ಹುಲಿ, ಹಣ್ಣು ಕದಿಯುವ ಕೋತಿ, ಗೂಡು ಕಟ್ಟುವ ಹಕ್ಕಿ, ಇಡೀ ಗೂಡಿಗಾಗಿ ದುಡಿಯುವ ಜೇನು, ಮರಿಗೆ ಉಣಿಸುವ ತಾಯಿ ಎಂದು ಅದರಲ್ಲಿ ಬದುಕಿನ ರೀತಿಗಳನ್ನು ಐದು ಬಗೆಯಾಗಿ ವಿಂಗಡಿಸಿದ್ದಾರೆ. ನಾವು ಯಾವ ಸಾಲಿನಲ್ಲಿದ್ದೇವೆ ಎಂದು ಓದುವವರೇ ನೋಡಿಕೊಳ್ಳಬೇಕು.

ಸ್ವಾತಂತ್ರ್ಯ ಬಂದ ಮೇಲೆ ಕಾಂಗ್ರೆಸ್ಸಿನ ಭೂಸುಧಾರಣಾ ಸಮಿತಿಗೆ ಅಧ್ಯಕ್ಷರಾಗಿ 1949ರಲ್ಲಿ ವರದಿ ಕೊಟ್ಟರು. ಆದರೆ ದೇಶ ದೊಡ್ಡ ಕಾರ್ಖಾನೆಗಳ ದಾರಿ ಹಿಡಿದಿತ್ತು. ತಮ್ಮವರೇ ಆಳುತ್ತಿದ್ದಾಗಲೂ ರಸಗೊಬ್ಬರ, ಟ್ರ್ಯಾಕ್ಟರ್ ವಿರುದ್ಧ ಖಾರವಾಗಿ ಬರೆದು ಒಂಟಿಯಾದರು. ಮಾತು ಸ್ವಲ್ಪ ಮೆತ್ತಗಿದ್ದಿದ್ದರೆ ಕೇಳುವವರು ಹೆಚ್ಚುತ್ತಿದ್ದರೇನೋ. ಆದರೆ ಆಡಿಟರು ಆಕ್ಷೇಪಣೆ ಬರೆಯುವುದು ಮೆಚ್ಚುಗೆಗಲ್ಲವಲ್ಲ. ಮದುವೆಯಾಗದ ಅವರು ಕೊನೆಯ ವರ್ಷಗಳನ್ನು ಮದುರೈ ಜಿಲ್ಲೆಯ ಕಲ್ಲುಪಟ್ಟಿಯ ಗಾಂಧಿ ನಿಕೇತನ ಆಶ್ರಮದಲ್ಲಿ ಕಳೆದು, 1960ರ ಜನವರಿ 30ರಂದು, ಅಂದರೆ ಗಾಂಧೀಜಿ ತೀರಿಕೊಂಡ ದಿನವೇ, ಕಣ್ಣು ಮುಚ್ಚಿದರು.

ಬರುವ ಜನವರಿ 30ರ ಸಂಜೆ ನಮ್ಮ ಸಂಘದ ಸಭೆಯಲ್ಲಿ ಇವರ ವಿಚಾರವಾಗಿ ಮಾತುಕತೆ ಇಟ್ಟುಕೊಂಡಿದ್ದೇವೆ. ಕಾಫಿ ಇರುತ್ತದೆ. ಪೇಪರ್ ಲೋಟ ತರಿಸುತ್ತಿಲ್ಲ, ದಯವಿಟ್ಟು ಮನೆಯಿಂದ ಒಂದೊಂದು ಲೋಟ ತನ್ನಿ.

— ಕಾರ್ಯದರ್ಶಿ